ಬ್ಯಾಟರಿ ಹೊಸದು, ಆದರೂ ಸೆಲ್ಫ್ ಎಳೆಯುತ್ತಿಲ್ಲ: ಕೇಬಲ್ ಬದಲಿಸಬೇಕಾ?

ಪ್ರಶ್ನೆ: ನನ್ನ ಕಾರಿಗೆ 18 ವರ್ಷ. ಹೋದ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಬೆಳಿಗ್ಗೆ ಕೀ ತಿರುಗಿಸಿದರೆ ಇಂಜಿನ್ ತುಂಬಾ ನಿಧಾನಕ್ಕೆ ತಿರುಗುತ್ತೆ. ಕೆಲವೊಮ್ಮೆ ಬರೀ ‘ಟಕ್’ ಅಂತ ಸದ್ದು, ಅಷ್ಟೇ. ಮೆಕ್ಯಾನಿಕ್ ಬ್ಯಾಟರಿ ಕೇಬಲ್ ಬದಲಿಸಿ ಅಂತಾರೆ. ನೋಡಿದರೆ ಕೇಬಲ್ ಚೆನ್ನಾಗೇ ಇದೆ. ನಿಜವಾಗ್ಲೂ ಬೇಕಾ?

ಉತ್ತರ: ಬೇಕಾಗಿರಬಹುದು. ಆದರೆ ಯಾರದೋ ಮಾತಿನ ಮೇಲೆ ಸುಮ್ನೆ ಬದಲಿಸಬೇಡಿ. ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಣ್ಣ ಮೀಟರ್) ಇದ್ದರೆ ಹತ್ತು ನಿಮಿಷದಲ್ಲಿ ನೀವೇ ಅಳೆದು ನೋಡಬಹುದು.

ಮೊದಲು ಕೇಬಲ್ ಹೊರುವ ಭಾರ ಎಷ್ಟು ಅಂತ ನೋಡೋಣ. ಒಂದು ಹೆಡ್‌ಲೈಟ್ ಬಲ್ಬ್ ಸುಮಾರು 5 ಆಂಪಿಯರ್ ಕರೆಂಟ್ ಎಳೆಯುತ್ತದೆ. ಇಂಜಿನ್ ತಿರುಗಿಸುವ ಸೆಲ್ಫ್ ಮೋಟರ್ 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಇಂಜಿನ್ ಆದರೆ ಇನ್ನೂ ಜಾಸ್ತಿ. ಅದಕ್ಕೇ ಲೈಟು ಪಳಪಳ ಉರಿದರೂ ಸೆಲ್ಫ್ ಮಾತ್ರ ಸೋಲುತ್ತದೆ. ಕೇಬಲ್‌ನಲ್ಲಿ ಒಂದು ಓಮ್‌ನ ನೂರರಲ್ಲೊಂದು ಭಾಗ ತಡೆ ಇದ್ದರೂ ಸಾಕು, 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ.

ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ನನ್ನ ಹಳೆ ಕಾರಿನ ಕೇಬಲ್ ತೆಗೆದಾಗ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದ್ದೆ. ಮೇಲಿನ ಕೆಂಪು ಹೊದಿಕೆ ನಯವಾಗಿಯೇ ಇತ್ತು. ಒಳಗೆ, ಬ್ಯಾಟರಿ ಕಂಬವನ್ನು ಕಚ್ಚಿ ಹಿಡಿಯುವ ಕ್ಲಾಂಪಿನಿಂದ ನಾಲ್ಕು ಬೆರಳು ದೂರದವರೆಗೆ, ತಾಮ್ರವೆಲ್ಲ ಕಪ್ಪಾಗಿತ್ತು. ಎಳೆ ಎಳೆಯ ನಡುವೆ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಎಳೆಗಳು ಒಣಹುಲ್ಲಿನ ಹಾಗೆ ಮುರಿದು ಉದುರಿದವು.

ಅಳೆಯುವುದು ಹೀಗೆ. ಇಂಜಿನ್ ಸ್ಟಾರ್ಟ್ ಆಗದಂತೆ ಫ್ಯುಯಲ್ ಪಂಪಿನ ಫ್ಯೂಸ್ ತೆಗೆಯಿರಿ. ಗೇರ್ ನ್ಯೂಟ್ರಲ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರ್ ಡಿ.ಸಿ. ವೋಲ್ಟ್‌ಗೆ ಇಡಿ. ಓಮ್‌ನಲ್ಲಿ ಅಳೆದು ಪ್ರಯೋಜನವಿಲ್ಲ, ಇಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿಗೆ ಸಿಗುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ಗೆ. ಕಡ್ಡಿ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ತಾಗಬೇಕು. ಇನ್ನೊಬ್ಬರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಮೀಟರ್ 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ತೊಂದರೆ ಇದೆ. ಹಾಗೇ ಮೈನಸ್ ಕಂಬದಿಂದ ಇಂಜಿನ್ನಿನ ಬರಿ ಲೋಹಕ್ಕೂ ಅಳೆಯಿರಿ. ಅಲ್ಲಿ 0.3 ದಾಟಬಾರದು. ಕಂಬ ಮತ್ತು ಕ್ಲಾಂಪ್ ನಡುವೆಯೇ ವೋಲ್ಟ್ ಕಳೆಯುತ್ತಿದ್ದರೆ ನೀವು ಅದೃಷ್ಟವಂತರು: ಅಡಿಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಉಜ್ಜಿ ಬಿಗಿ ಮಾಡಿದರೆ ಸಾಕು. ಕೇಬಲ್ ದುಡ್ಡು ಉಳಿಯಿತು.

ಬದಲಿಸುವುದೇ ಆದರೆ ಹಳೆಯದಕ್ಕಿಂತ ತೆಳು ತಗೋಬೇಡಿ. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 25 ಚದರ ಮಿ.ಮೀ., ಡೀಸೆಲ್‌ಗೆ 35 ಅಥವಾ ಜಾಸ್ತಿ. ಈ ಅಳತೆ ಒಳಗಿನ ತಾಮ್ರದ್ದು, ಹೊದಿಕೆಯ ದಪ್ಪ ನೋಡಿ ಮೋಸ ಹೋಗಬೇಡಿ. ಒಂದು ಎಳೆ ಕತ್ತರಿಸಿ ನೋಡಿ. ಕತ್ತರಿಸಿದ ಜಾಗ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬೇಡ.

ಬಿಚ್ಚುವಾಗ ಮೊದಲು ಮೈನಸ್. ಹಾಕುವಾಗ ಮೈನಸ್ ಕೊನೆಗೆ. ಯಾಕೆ ಅಂದರೆ ಮೈನಸ್ ಇನ್ನೂ ಕಾರಿನ ಲೋಹದ ಬಾಡಿಗೆ ಸೇರಿಕೊಂಡಿರುವಾಗ ಪ್ಲಸ್ ಬಿಚ್ಚಲು ಹೋದರೆ, ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದ ಕ್ಷಣ ಶಾರ್ಟ್ ಆಗುತ್ತದೆ. ಸ್ಪ್ಯಾನರ್ ಕಾದು ಕೈ ಸುಡಬಹುದು, ಬ್ಯಾಟರಿಯ ಗ್ಯಾಸ್‌ಗೆ ಕಿಡಿ ಹತ್ತಬಹುದು. ಉಂಗುರ, ಗಡಿಯಾರ ಬಿಚ್ಚಿಡಿ. ಹೊಸ ಪ್ಲಸ್ ಕೇಬಲ್ ಹಳೆಯದು ಹೋದ ದಾರಿಯಲ್ಲೇ ಹೋಗಲಿ, ಅದೇ ಕ್ಲಿಪ್ಪುಗಳಲ್ಲಿ ಕೂರಲಿ. ಹಳೆ ಕಾರುಗಳಲ್ಲಿ ಹೆಚ್ಚಾಗಿ ಈ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ. ಸೈಲೆನ್ಸರ್ ಪೈಪಿಗೋ ಚೂಪಾದ ತಗಡಿಗೋ ಉಜ್ಜಿದರೆ ಬೆಂಕಿಯೇ ಗತಿ.

ಜಾಸ್ತಿ ಜನ ಮರೆಯುವುದು ಇಂಜಿನ್ ಮತ್ತು ಬಾಡಿ ನಡುವಿನ ಅರ್ಥ್ ಪಟ್ಟಿಯನ್ನು. ಇಂಜಿನ್ ಕೂತಿರುವುದು ರಬ್ಬರ್ ಮೇಲೆ, ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮೈನಸ್ ಕೇಬಲ್ ಬಾಡಿಗೆ ಮಾತ್ರ ಸೇರಿರುವ ಕಾರಿನಲ್ಲಿ ಸೆಲ್ಫ್‌ನ ಕರೆಂಟ್ ಪೂರ್ತಿ ಈ ಹೆಣೆದ ಪಟ್ಟಿಯ ಮೂಲಕವೇ ವಾಪಸ್ ಹೋಗಬೇಕು. ಪಟ್ಟಿ ಹರಿದಿದ್ದರೆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್‌ಗಳು ಬಿಸಿಯಾಗಿದ್ದರೆ ಕಾರಣ ಇದೇ. ಪಟ್ಟಿ ಬದಲಿಸುವಾಗ ಬೋಲ್ಟ್ ಕೂರುವ ಜಾಗದ ಬಣ್ಣ, ತುಕ್ಕು ಎರಡನ್ನೂ ಕೆರೆದು ಲೋಹ ಹೊಳೆಯುವಂತೆ ಮಾಡಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಎಲ್ಲ ಹಾಕಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎರಡೂ ಕಡೆ ಲೆಕ್ಕ ಸರಿ ಬಂದು, ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟ್ ಮೇಲೇ ನಿಂತು, ಆಗಲೂ ಇಂಜಿನ್ ನಿಧಾನಕ್ಕೆ ತಿರುಗಿದರೆ ಸೆಲ್ಫ್ ಮೋಟರನ್ನೇ ಬಿಚ್ಚಿಸಿ ನೋಡಿ.