ರಟ್ಟಿನ ತೂತಿನಲ್ಲಿದ್ದ ಅಪ್ಪಣೆ

ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಹತ್ತಿರ ಒಂದು ಚಿತ್ರ ಇತ್ತು. ನೋಡಿದವರು ಅದನ್ನು ಅಚ್ಚಿನ ಚಿತ್ರ ಅಂದುಕೊಳ್ಳುತ್ತಿದ್ದರು. ಅಲ್ಲ, ಅದು ನೇಯ್ದ ರೇಷ್ಮೆ. ಅದನ್ನು ನೇಯಲು ತೂತು ಕೊರೆದ ಸುಮಾರು 24,000 ರಟ್ಟಿನ ಕಾರ್ಡು ಹಿಡಿದಿತ್ತಂತೆ. ಚಿತ್ರದಲ್ಲಿದ್ದವರು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡ್. ಮಗ್ಗದ ಮೇಲೆ ಕೂತು ಡಿಸೈನ್ ಮೂಡಿಸುವ ಯಂತ್ರವನ್ನು ನಮ್ಮ ನೇಕಾರರು ಇವತ್ತಿಗೂ 'ಜಕಾರ್ಡ್' ಅನ್ನುವುದು ಇವರ ಹೆಸರಿನಿಂದಲೇ.

ಮೊದಲು ಹೂಬಳ್ಳಿಯ ರೇಷ್ಮೆಗೆ ಇಬ್ಬರು ಬೇಕಿತ್ತು. ಒಬ್ಬರು ಲಾಳಿ ಹಾಯಿಸಬೇಕು. ಇನ್ನೊಬ್ಬರು ಹಾಸಿನ ಬೇಕಾದ ಎಳೆಗಳು ಮೇಲೇಳುವಂತೆ ಹಗ್ಗ ಜಗ್ಗಬೇಕು. ಎಷ್ಟೋ ಕಡೆ ಈ ಕೆಲಸ ಮಕ್ಕಳದ್ದು. ಯಾವ ಎಳೆ ಏಳಬೇಕು ಎಂದು ತೋರಿಸಲು 1725ರಲ್ಲಿ ಲಿಯೋನಿನವರೇ ಆದ ಬೂಷೋನ್ ತೂತು ಕೊರೆದ ಕಾಗದದ ಸುರುಳಿ ತಂದರು, ಆಮೇಲೆ ಫಾಲ್ಕನ್ ಕಾರ್ಡು ತಂದರು. ಇವರ ದಾರಿಯಲ್ಲೇ ನಡೆದು ಜಕಾರ್ಡ್ 1804ರ ಹೊತ್ತಿಗೆ ತಮ್ಮ ಯಂತ್ರ ರೂಪಿಸಿದರು.

ಅದರ ಕೆಲಸ ಹೀಗೆ: ಸಾಲು ಸೂಜಿಗಳಿಗೆ ಕಾರ್ಡು ಬಂದು ಒತ್ತುತ್ತದೆ. ತೂತಿದ್ದಲ್ಲಿ ಸೂಜಿ ತೂರಿಹೋಗುತ್ತದೆ, ಅದರ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾದರೆ ಒಂದು ಕಾರ್ಡು ಮುಗಿಯಿತು. ಮಾವಿನಕಾಯಿ ಬೇಡ, ನವಿಲು ಬೇಕು ಅಂದರೆ ಮಗ್ಗ ಬಿಚ್ಚಬೇಕಿಲ್ಲ, ಕಾರ್ಡಿನ ಸರ ಬದಲಿಸಿದರೆ ಸಾಕು.

ಇದನ್ನೇ ಮೊದಲ ಕಂಪ್ಯೂಟರ್ ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಗ್ಗ ಲೆಕ್ಕ ಮಾಡಲಿಲ್ಲ. ಆದರೆ ಅಪ್ಪಣೆಯನ್ನು ಯಂತ್ರದಿಂದ ಬೇರೆ ಮಾಡಿತು. ಬ್ಯಾಬೇಜ್ ಹಿಡಿದುಕೊಂಡದ್ದು ಅದನ್ನೇ. 1830ರ ದಶಕದಲ್ಲಿ ಅವರು ಕಲ್ಪಿಸಿದ 'ಅನಲಿಟಿಕಲ್ ಎಂಜಿನ್' ಎಂಬ ಲೆಕ್ಕದ ಯಂತ್ರಕ್ಕೆ ಕಾರ್ಡುಗಳೇ ಅಪ್ಪಣೆ ಕೊಡಬೇಕಿತ್ತು. ಅಂಕಿ ಇಡುವ ಜಾಗಕ್ಕೆ 'ಸ್ಟೋರ್', ಲೆಕ್ಕ ನಡೆಯುವ ಜಾಗಕ್ಕೆ 'ಮಿಲ್' ಅಂತ ಹೆಸರಿಟ್ಟರು. ಕಾರ್ಡುಗಳನ್ನು ಹಿಂದಕ್ಕೆ ತಿರುಗಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿಸುವ ಯೋಚನೆಯೂ ಅವರಿಗಿತ್ತು. ಮಗ್ಗ ಹೂವು, ಎಲೆ ನೇಯುವಂತೆ ಈ ಯಂತ್ರ ಬೀಜಗಣಿತದ ವಿನ್ಯಾಸ ನೇಯುತ್ತದೆ ಎಂದು ಇಂಗ್ಲೆಂಡಿನ ಗಣಿತಜ್ಞೆ ಅಡಾ ಲವ್‌ಲೇಸ್ 1843ರಲ್ಲಿ ಬರೆದರು. ಯಂತ್ರ ಮಾತ್ರ ಪೂರ್ತಿಯಾಗಲೇ ಇಲ್ಲ.

ಕಾರ್ಡು ಕಚೇರಿಗೆ ಕಾಲಿಟ್ಟದ್ದು 1890ರ ಅಮೆರಿಕದ ಜನಗಣತಿಯಲ್ಲಿ. ಅಲ್ಲಿನ ಎಂಜಿನಿಯರ್ ಹರ್ಮನ್ ಹಾಲರಿತ್ ಅವರ ಎಣಿಕೆ ಯಂತ್ರದಲ್ಲಿ ತೂತಿನ ಮೂಲಕ ವಿದ್ಯುತ್ ಹರಿದರೆ ಒಂದು ಎಣಿಕೆ. ಅವರ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಮುಂದೆ ದಶಕಗಳ ಕಾಲ ಪ್ರೋಗ್ರಾಂ ಅಂದರೆ ಕಾರ್ಡಿನ ಕಟ್ಟು.

ಈಗ ನಮ್ಮಲ್ಲೂ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಸೆರಗಿನ ಡಿಸೈನ್ ಕಂಪ್ಯೂಟರಿನಲ್ಲಿ ತಯಾರಾಗಿ ಮಗ್ಗಕ್ಕೆ ಬರುತ್ತದೆ. ಪಕ್ಕದ ಮನೆಯ ಮಗ್ಗದ ಮೇಲೆ ರಟ್ಟಿನ ಸರ ಇನ್ನೂ ತಿರುಗುತ್ತಿರಬಹುದು.