ಗಿಟಾರಿನ ಮೇಲೊಂದು ಉಕ್ಕಿನ ತುಂಡು

ಮೊನ್ನೆ ಅಕ್ಕನ ಮಗಳು ಸಕಲೇಶಪುರದಿಂದ ಹಾಸನಕ್ಕೆ ಬಂದಾಗ ಗಿಟಾರನ್ನೂ ಹೊತ್ತು ತಂದಿದ್ದಳು. ಆರು ತಿಂಗಳಿಂದ ಕಲಿಯುತ್ತಿದ್ದಾಳೆ. ಬೆರಳ ತುದಿ ಉರಿಯುತ್ತೆ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಅರ್ಧ ತಂತಿ ಸದ್ದೇ ಮಾಡೋದಿಲ್ಲ ಅಂತ ಬೇಜಾರಿನಲ್ಲಿದ್ದಳು. "ಮಾವ, ಸ್ಟೀಲ್ ಗಿಟಾರ್ ಅಂತ ಒಂದಿದೆಯಂತೆ. ಅದನ್ನ ಸ್ಟೀಲಲ್ಲೇ ಮಾಡಿರ್ತಾರಾ?" ಅಂತ ಕೇಳಿದಳು. ಗಿಟಾರ್ ಮರದ್ದೇ ಇರಬಹುದು, ಸ್ಟೀಲ್ ಇರೋದು ಎಡಗೈಯಲ್ಲಿ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಟೂಲ್ ಬಾಕ್ಸಿನಿಂದ ಸ್ಪಾರ್ಕ್ ಪ್ಲಗ್ ಬಿಚ್ಚುವ ಉದ್ದನೆಯ ಸಾಕೆಟ್ ತಂದು, ಗ್ರೀಸ್ ಒರೆಸಿ, ಅವಳ ಬೆರಳಿಗೆ ಹಾಕಿದೆ. ತಂತಿ ಒತ್ತಬೇಡ, ಸುಮ್ನೆ ಮುಟ್ಟಿಸಿ ಜಾರಿಸು ಅಂದೆ. ಮೊದಲ ಸಲ ಆ ಸದ್ದು ಬಂದಾಗ ಅವಳ ಮುಖ ನೋಡಬೇಕಿತ್ತು.

ಆಗಿದ್ದು ಇಷ್ಟೇ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿವೆಯಲ್ಲ, ಅವೇ ಫ್ರೆಟ್. ವೀಣೆಯಲ್ಲಿ ಅದನ್ನೇ ಮೆಟ್ಟಿಲು ಅನ್ನುತ್ತೇವೆ. ಬೆರಳು ತಂತಿಯನ್ನು ಒಂದು ಮೆಟ್ಟಿಲಿಗೆ ಒತ್ತಿದಾಗ ಕಂಪಿಸುವ ಉದ್ದ ಕಡಿಮೆಯಾಗುತ್ತದೆ, ಸ್ವರ ಏರುತ್ತದೆ. ಉದ್ದ ಅರ್ಧವಾದರೆ ಕಂಪನ ಎರಡರಷ್ಟಾಗಿ ಮೇಲಿನ ಷಡ್ಜ ಸಿಗುತ್ತದೆ. ತಂತಿಯ ಮೇಲೆ ಜಾರಿಸುವ ಆ ಸಾಕೆಟ್ಟಿನಂಥ ತುಂಡಿಗೆ ಸ್ಲೈಡ್ ಅನ್ನುತ್ತಾರೆ. ಅದನ್ನು ಹಾಕಿಕೊಂಡಾಗ ಆ ಮೆಟ್ಟಿಲುಗಳಿಗೆ ಕೆಲಸವಿಲ್ಲ. ಕೈಯಲ್ಲಿರುವ ಉಕ್ಕೇ ಮೆಟ್ಟಿಲು, ಅದೂ ಓಡಾಡುವ ಮೆಟ್ಟಿಲು. ರಿ ಮತ್ತು ಗ ನಡುವೆ ಎಷ್ಟು ಜಾಗವಿದೆಯೋ ಅಷ್ಟೂ ನಿಮ್ಮದು. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಈ ಜಾಗ ಹೊಸದೇನಲ್ಲ, ಅಲ್ವಾ? ಅದಕ್ಕೇ ನನಗೆ ಅನಿಸೋದು, ನಮ್ಮ ಕಡೆಯ ಮಕ್ಕಳಿಗೆ ಸ್ಲೈಡ್ ಗಿಟಾರ್ ಕಷ್ಟದ ವಾದ್ಯವಲ್ಲ. ಕೀರ್ತನೆ, ಭಾವಗೀತೆ, ಸೋಬಾನೆ ಕೇಳಿದ ಕಿವಿ ಅರ್ಧ ಪಾಠ ಆಗಲೇ ಮುಗಿಸಿರುತ್ತದೆ.

ಸ್ಟೀಲ್ ಗಿಟಾರ್ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ. 1880ರ ದಶಕದಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ರೈಲು ಹಳಿಯ ಪಕ್ಕ ನಡೆಯುತ್ತಿದ್ದಾಗ ಬೋಲ್ಟೊಂದು ಸಿಕ್ಕಿತು, ಅದು ಅವನ ಗಿಟಾರಿನ ತಂತಿಗೆ ತಾಗಿ ಹೊಸ ಸದ್ದು ಬಂತು ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಬೋಲ್ಟೋ, ಬಾಚಣಿಗೆಯೋ, ಚಾಕುವೋ, ಹೇಳುವವರು ಬದಲಾದಂತೆ ವಸ್ತುವೂ ಬದಲಾಗುತ್ತದೆ. ಆದರೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಮೇಲಕ್ಕೆತ್ತಿ, ಉಕ್ಕಿನ ತುಂಡು ಜಾರಿಸಿ ನುಡಿಸುವ ಪದ್ಧತಿ ಗಟ್ಟಿಯಾಗಿದ್ದು ಆತನಿಂದಲೇ ಅಂತ ಹೆಚ್ಚಿನವರು ಒಪ್ಪುತ್ತಾರೆ. 1904ರಲ್ಲಿ ಆತ ಅಮೆರಿಕದ ಮುಖ್ಯ ನೆಲಕ್ಕೆ ಹೋದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಜನ ಮರುಳಾದರು, ಆಮೇಲೆ ಈ ಗಿಟಾರ್ ಊರೂರು ಸುತ್ತಿತು. ಅತ್ತ ಮಿಸಿಸಿಪ್ಪಿಯ ಕಡೆ ಕಪ್ಪು ಜನರ ನಡುವೆ ಇನ್ನೊಂದು ಧಾರೆ ಹರಿಯುತ್ತಿತ್ತು. 1903ರ ಸುಮಾರಿಗೆ ಟಟ್‌ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಒಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದುದನ್ನು ಕೇಳಿದೆ ಅಂತ ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ಬರೆದುಕೊಂಡಿದ್ದಾರೆ. ಈ ಧಾರೆಯ ಸಂಗೀತವೇ ಬ್ಲೂಸ್. ಬ್ಲೂಸ್‌ನವರು ಗಿಟಾರನ್ನು ಮಲಗಿಸದೆ ಮಾಮೂಲಿ ಹಾಗೆಯೇ ಹಿಡಿದು, ಕತ್ತರಿಸಿದ ಬಾಟಲಿಯ ಕತ್ತನ್ನು ಬೆರಳಿಗೆ ಹಾಕಿಕೊಂಡರು. ಬಾಟಲ್‌ನೆಕ್ ಅನ್ನುವ ಹೆಸರು ಬಂದಿದ್ದು ಹಾಗೆ. ರಾಕ್ ಗಿಟಾರ್‌ವಾದಕ ಡ್ಯುಯೇನ್ ಆಲ್‌ಮನ್ ಶೀತದ ಮಾತ್ರೆಯ ಗಾಜಿನ ಬಾಟಲಿ ಹಾಕಿಕೊಂಡೇ ಹೆಸರು ಮಾಡಿದರು. ನನ್ನ ಸಾಕೆಟ್ ಕೂಡ ಹೊಸ ಉಪಾಯವಲ್ಲ. ಲೋವೆಲ್ ಜಾರ್ಜ್ ಎಂಬ ಗಿಟಾರ್‌ವಾದಕ ಸಾಕೆಟ್ ಹಾಕಿಯೇ ನುಡಿಸುತ್ತಿದ್ದರು.

ಹೀಗೆ ಹಿಡಿಯುವ ರೀತಿ ಎರಡೇ, ಎದೆಗೆ ಆನಿಸಿ ಅಥವಾ ತೊಡೆಯ ಮೇಲೆ ಮಲಗಿಸಿ. ಉಳಿದ ಹೆಸರುಗಳೆಲ್ಲ ಸದ್ದು ಜಾಸ್ತಿ ಮಾಡುವುದು ಹೇಗೆ ಅನ್ನುವ ಪ್ರಶ್ನೆಯಿಂದ ಹುಟ್ಟಿದವು. ಎಲೆಕ್ಟ್ರಿಕ್ ಗಿಟಾರ್ ಇಲ್ಲದ ಕಾಲದಲ್ಲಿ ದೊಡ್ಡ ಹಾಲ್‌ನಲ್ಲಿ ಗಿಟಾರ್ ಕೇಳಿಸುತ್ತಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಹರ್ಮನ್ ವೈಸೆನ್‌ಬಾರ್ನ್ ಕತ್ತಿನ ಒಳಗೂ ಟೊಳ್ಳು ಬಿಟ್ಟು ಗಿಟಾರ್ ಮಾಡಿದರು. ಜಾನ್ ಡೋಪ್ಯೇರಾ ತೆಳು ಅಲ್ಯೂಮಿನಿಯಂ ಶಂಕುಗಳನ್ನು ಒಳಗೆ ಕೂರಿಸಿದರು, ಲೌಡ್‌ಸ್ಪೀಕರಿನ ಒಳಗಿರುತ್ತಲ್ಲ ಹಾಗೆ. 1927ರಲ್ಲಿ ಬಂದ ನ್ಯಾಷನಲ್ ಗಿಟಾರಿನಲ್ಲಿ ಮೂರು ಶಂಕು, ಮರುವರ್ಷ ಅಣ್ಣತಮ್ಮಂದಿರು ಸೇರಿ ಮಾಡಿದ ಡೋಬ್ರೋದಲ್ಲಿ ಒಂದೇ. ಡೋಪ್ಯೇರಾ ಹೆಸರಿನ ಮೊದಲ ಅಕ್ಷರಗಳು, ಬ್ರದರ್ಸ್‌ನ ಮೊದಲ ಅಕ್ಷರಗಳು ಸೇರಿ ಡೋಬ್ರೋ ಆಯಿತು. ಅವರ ಸ್ಲೋವಾಕ್ ಭಾಷೆಯಲ್ಲಿ ಆ ಮಾತಿಗೆ 'ಒಳ್ಳೆಯದು' ಅಂತಲೂ ಅರ್ಥ.

ಆಮೇಲೆ 1932ರಲ್ಲಿ, ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಕಂಪನಿಯ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್, ಅಂದರೆ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್, ಮಾರುಕಟ್ಟೆಗೆ ಬಂತು. ದುಂಡಗಿನ ಅಲ್ಯೂಮಿನಿಯಂ ಒಡಲು, ಉದ್ದನೆಯ ಹಿಡಿ. ನೋಡಲು ಥೇಟ್ ಬಾಣಲೆ, ಜನ ಕರೆದಿದ್ದೂ ಅದೇ ಹೆಸರಿನಿಂದ. ಇವತ್ತು ಗಣೇಶನ ಆರ್ಕೆಸ್ಟ್ರಾದಲ್ಲಿ ಕಿವಿ ತುಂಬುವ ಎಲೆಕ್ಟ್ರಿಕ್ ಗಿಟಾರುಗಳ ಅಜ್ಜ ಅದೇ. ಚೆನ್ನಾಗಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರ್ ತೊಡೆಯ ಮೇಲೆ ಮಲಗುವ ಸ್ಟೀಲ್ ಗಿಟಾರ್ ಅನ್ನೋದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಅದಕ್ಕೆ ಕಾಲು ಬಂತು, ಎರಡು ಮೂರು ಕತ್ತು ಬಂದವು, ಕೊನೆಗೆ ಕಾಲಲ್ಲಿ ಒತ್ತಿ, ಮಂಡಿಯಲ್ಲಿ ತಳ್ಳಿ ತಂತಿಯ ಬಿಗಿ ಬದಲಿಸುವ ಪೆಡಲ್ ಸ್ಟೀಲ್ ಬಂತು. ಎರಡು ಕೈ, ಎರಡು ಪಾದ, ಎರಡು ಮಂಡಿ, ಎಲ್ಲಕ್ಕೂ ಕೆಲಸ. ಅದ್ಭುತ ವಾದ್ಯ, ಆದರೆ ಹೊಸಬರು ಅದರಿಂದ ಶುರು ಮಾಡುವುದು ಬೇಡ.

ನಮ್ಮ ದೇಶಕ್ಕೂ ಇದು ಹವಾಯಿಯಿಂದಲೇ ಬಂತು. 1940ರ ದಶಕದಲ್ಲಿ ಹವಾಯಿಯ ಟೌ ಮೋ ಎಂಬ ಸಂಗೀತಗಾರರ ಕುಟುಂಬ ಕೆಲವು ವರ್ಷ ಕಲ್ಕತ್ತೆಯಲ್ಲಿ ನೆಲೆಸಿತ್ತು. ಬ್ರಿಜ್ ಭೂಷಣ್ ಕಾಬ್ರಾ ಈ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ಅರಳಿಸಿದರು. ವಿಶ್ವಮೋಹನ ಭಟ್ ಮೀಟದೆಯೂ ತಾವಾಗಿ ಅನುರಣಿಸುವ ತರಬ್ ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡರು, 1994ರಲ್ಲಿ ಅಮೆರಿಕದ ಗಿಟಾರ್‌ವಾದಕ ರೈ ಕೂಡರ್ ಜೊತೆ ಗ್ರ್ಯಾಮಿಯನ್ನೂ ಪಡೆದರು. ಇದಕ್ಕೆಲ್ಲ ಮೊದಲೇ ದಕ್ಷಿಣದಲ್ಲಿ ಗೋಟುವಾದ್ಯ ಇತ್ತು. ಚಿತ್ರವೀಣೆ ಅಂತಲೂ ಕರೆಯುತ್ತಾರೆ. ಮೆಟ್ಟಿಲಿಲ್ಲದ ವೀಣೆ, ಮೇಲೆ ಜಾರುವ ಮರದ ತುಂಡು, ಅದೇ ಗೋಟು. ನಾನು ಚಿಕ್ಕವನಿದ್ದಾಗ ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಸಮಯ ಉಳಿದರೆ ಸಿನಿಮಾ ಹಾಡೊಂದನ್ನು ಗಿಟಾರಿನಲ್ಲಿ ಹಾಕುತ್ತಿದ್ದರು. ಯಾರೋ ಬಾಯಿ ತೆರೆಯದೆ ಹಾಡಿದ ಹಾಗಿರುತ್ತಿತ್ತು. ಅದು ಹವಾಯನ್ ಗಿಟಾರ್ ಅಂತ ಗೊತ್ತಾಗಿದ್ದು ತುಂಬ ವರ್ಷಗಳಾದ ಮೇಲೆ.

ಸರಿ, ಉಕ್ಕೇ ಯಾಕೆ? ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ನೆನೆಸಿಕೊಳ್ಳಿ. ಒಂದು ತುದಿ ಹಲಸಿನ ಮರಕ್ಕೆ ಕಟ್ಟಿದೆ, ಇನ್ನೊಂದು ನಿಮ್ಮ ಕೈಯಲ್ಲಿದೆ. ಒಮ್ಮೆ ಜೋರಾಗಿ ಅಲ್ಲಾಡಿಸಿದರೆ ಅಲೆ ಮರದ ತನಕ ಹೋಗಿ, ಹೋದಷ್ಟೇ ಜೋರಾಗಿ ವಾಪಸ್ ಬರುತ್ತದೆ. ಅದೇ ಹಗ್ಗವನ್ನು ದಾಸವಾಳದ ಎಳೆ ರೆಂಬೆಗೆ ಕಟ್ಟಿ. ಈಗ ರೆಂಬೆಯೂ ಅಲ್ಲಾಡುತ್ತದೆ, ಅಲೆಯ ಶಕ್ತಿಯೆಲ್ಲ ಅಲ್ಲೇ ಸೋರಿ ಹೋಗುತ್ತದೆ. ತಂತಿಯ ಮೇಲೆ ಹಗುರವಾದ ವಸ್ತು ಇಟ್ಟರೆ ಅದು ದಾಸವಾಳ, ತೂಕದ ಉಕ್ಕು ಇಟ್ಟರೆ ಹಲಸಿನ ಮರ. ತಂತಿಯ ಕಂಪನ ಆ ಕಡೆ ದಾಟದೆ ಪೂರ್ತಿ ವಾಪಸ್ ಬರುತ್ತದೆ, ಸ್ವರ ತುಂಬ ಹೊತ್ತು ನಿಲ್ಲುತ್ತದೆ. ಪೆಡಲ್ ಸ್ಟೀಲ್ ನುಡಿಸುವವರು ಕೈಯಲ್ಲಿ ಹಿಡಿಯುವ ಉಕ್ಕಿನ ಕಡ್ಡಿ, ಅಂದರೆ ಬಾರ್, ಸುಮಾರು 200 ಗ್ರಾಂ ತೂಗುವುದು ಇದಕ್ಕೇ. ಗಾಜಿನ ಸ್ಲೈಡ್ ಹಗುರ, ಸದ್ದು ಮೆದು. ಹಿತ್ತಾಳೆಯದು ಭಾರ, ಸದ್ದಿಗೆ ಒಂಚೂರು ಖಾರ ಇರುತ್ತದೆ. ಮೇಲ್ಮೈ ನುಣುಪಾಗಿರಬೇಕು, ಇಲ್ಲದಿದ್ದರೆ ಜಾರಿದಾಗಲೆಲ್ಲ ಗರಗರ ಅನ್ನುತ್ತದೆ.

ಇನ್ನು ಶುರು ಮಾಡುವುದು. ಹೊಸ ವಾದ್ಯಕ್ಕೆ ದುಡ್ಡು ಹಾಕಬೇಡಿ. ಮನೆಯಲ್ಲಿ ಮೂಲೆ ಹಿಡಿದಿರುವ ಗಿಟಾರ್ ಸಾಕು, ಆದರೆ ಲೋಹದ ತಂತಿಯದ್ದಾಗಿರಲಿ. ನೈಲಾನ್ ತಂತಿಯಲ್ಲಿ ಸ್ವರ ಬೇಗ ಸಾಯುತ್ತದೆ. ಮೊದಲ ಕೆಲಸ ಶ್ರುತಿ ಬದಲಿಸುವುದು. ಸ್ಲೈಡ್ ನೇರವಾದ ಕಡ್ಡಿ, ಬೆರಳುಗಳ ಹಾಗೆ ಬೇರೆ ಬೇರೆ ಕಡೆ ಕೂರುವುದಿಲ್ಲ. ಹಾಗಾಗಿ ತಂತಿಗಳೇ ಒಂದಕ್ಕೊಂದು ಹೊಂದುವಂತೆ ಇರಬೇಕು. ಹೊಸಬರಿಗೆ ಓಪನ್ ಡಿ ಎಂಬ ಶ್ರುತಿ ಒಳ್ಳೆಯದು. ಇ, ಡಿ, ಜಿ ಅನ್ನುವುದೆಲ್ಲ ಪಾಶ್ಚಾತ್ಯ ಸ್ವರಗಳ ಹೆಸರು, ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಆ್ಯಪ್ ಇವನ್ನೇ ತೋರಿಸುತ್ತದೆ. ದಪ್ಪನೆಯ ಆರನೇ ತಂತಿಯನ್ನು ಇ ಇಂದ ಡಿ ಗೆ ಇಳಿಸಿ. ಐದು, ನಾಲ್ಕನ್ನು ಮುಟ್ಟಬೇಡಿ. ಮೂರನೆಯದನ್ನು ಜಿ ಇಂದ ಎಫ್ ಶಾರ್ಪ್‌ಗೆ, ಎರಡನೆಯದನ್ನು ಬಿ ಇಂದ ಎ ಗೆ, ಮೊದಲನೆಯದನ್ನು ಇ ಇಂದ ಡಿ ಗೆ ಇಳಿಸಿ. ಎಲ್ಲವೂ ಸಡಿಲ ಮಾಡುವುದೇ, ಬಿಗಿ ಮಾಡುವುದು ಒಂದೂ ಇಲ್ಲ, ಹಾಗಾಗಿ ತಂತಿ ಕಡಿಯುವ ಭಯವಿಲ್ಲ. ತಂತಿ ತೀರಾ ಸಡಿಲ ಅನಿಸಿದರೆ ಮುಂದಿನ ಸಲ 13ರ ದಪ್ಪದ ಸೆಟ್ ಕೇಳಿ. ನಾನು ಹಿಂದೊಮ್ಮೆ ಡೋಬ್ರೋ ಶ್ರುತಿ ಬೇಕು ಅಂತ ಮಾಮೂಲಿ ಗಿಟಾರಿನ ಆರನೇ ತಂತಿಯನ್ನು ಇ ಇಂದ ಜಿ ತನಕ, ಐದನೆಯದನ್ನು ಎ ಇಂದ ಬಿ ತನಕ ಬಿಗಿ ಮಾಡಿಟ್ಟಿದ್ದೆ. ಮಳೆಗಾಲ ಬೇರೆ. ತಂತಿಗಳು ಕೆಳಗೆ ಕೂರುವ ಬ್ರಿಡ್ಜ್ ಮರದಿಂದ ಎದ್ದು ಬಂತು. ಆ ಗಿಟಾರ್ ಮತ್ತೆ ಮೊದಲಿನ ಹಾಗಾಗಲಿಲ್ಲ, ಅದರ ನೋವು ಇನ್ನೂ ಇದೆ. ಆ ಶ್ರುತಿಗೆ ಬೇರೆಯದೇ ತಂತಿ ಸೆಟ್ ಸಿಗುತ್ತದೆ, ಅದನ್ನೇ ಹಾಕಬೇಕು.

ಈಗ ಓಪನ್ ಡಿ ಶ್ರುತಿಯಲ್ಲಿ ಆರು ತಂತಿಯನ್ನೂ ದಪ್ಪದಿಂದ ತೆಳುವಿಗೆ ಮೀಟಿ. ಸ ಪ ಸ ಗ ಪ ಸ. ಕೇಳಿದ ಹಾಗಿದೆ, ಅಲ್ವಾ? ಇದರಲ್ಲಿ ನನಗೆ ಅತಿ ಪ್ರೀತಿಯ ವಿಷಯವೊಂದಿದೆ. ಈ ತಂತಿಗಳ ಕಂಪನಗಳ ಅನುಪಾತ 2, 3, 4, 5, 6, 8. ಒಂದೇ ಉದ್ದನೆಯ ತಂತಿ ತನ್ನೊಳಗೆ ತಾನೇ ಹುಟ್ಟಿಸುವ ಮೇಲ್‌ಸ್ವರಗಳ ಸಾಲು ಇದೇ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ ಕಿವಿಗೊಟ್ಟರೆ ಯಾರೂ ನುಡಿಸದ ಅಂತರ ಗಾಂಧಾರ ಒಳಗಿನಿಂದ ಎದ್ದು ಬರುತ್ತದಲ್ಲ, ಅದು ಐದನೆಯದು. ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲಿ, ಕಾವೇರಿಯ ದಡದಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವಿದೆ. ಅಲ್ಲಿಗೆ ಹೋದಾಗಲೆಲ್ಲ ಈ ಗಾಂಧಾರವೇ ನನಗೆ ನೆನಪಾಗುವುದು. ಆದರೆ ಫೋನಿನ ಟ್ಯೂನರ್ ತೋರಿಸುವ ಎಫ್ ಶಾರ್ಪ್ ಈ ಗಾಂಧಾರಕ್ಕಿಂತ ಒಂಚೂರು ಏರಿರುತ್ತದೆ. ಟ್ಯೂನರ್ ಪ್ರಕಾರ 185 ಹರ್ಟ್ಸ್, ತಂಬೂರಿಯ ಲೆಕ್ಕದಲ್ಲಿ ಸುಮಾರು 183.5. ಟ್ಯೂನರ್ ಹೇಳಿದಂತೆ ಇಟ್ಟು ಆರನೇ ತಂತಿಯನ್ನೂ ಮೂರನೆಯದನ್ನೂ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ಸುಮಾರು 3 ಸಲ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ಮೂರನೇ ತಂತಿಯನ್ನು ನಿಧಾನಕ್ಕೆ ಇಳಿಸಿ, ಆ ಅಲೆ ನಿಂತ ಕಡೆ ಬಿಡಿ. ಇಡೀ ಗಿಟಾರ್ ಒಂದೇ ಉಸಿರಿನಲ್ಲಿ ಮೊಳಗುತ್ತದೆ. ನೀವು ಮಾಡಿ ನೋಡಲೇಬೇಕಾದ ಪ್ರಯೋಗ ಇದು.

ಸ್ಲೈಡ್ ಇಡುವ ಜಾಗ ಫ್ರೆಟ್ಟಿನ ಹಿಂದಲ್ಲ, ಸರಿಯಾಗಿ ಪಟ್ಟಿಯ ನೆತ್ತಿಯ ಮೇಲೆ, ಪಟ್ಟಿಗೆ ಸಮಾನಾಂತರವಾಗಿ. ಒತ್ತಿದರೆ ತಂತಿ ಫ್ರೆಟ್ಟಿಗೆ ಬಡಿದು ಕಟಕಟ ಅನ್ನುತ್ತದೆ. ಸ್ಲೈಡಿನ ಹಿಂದಿರುವ ತಂತಿಯ ತುಂಡೂ ಕಂಪಿಸುತ್ತದೆ, ಅದರಿಂದ ಬೇಡದ ಸದ್ದು ಬರುತ್ತದೆ. ಸ್ಲೈಡನ್ನು ಕಿರುಬೆರಳಿಗೆ ಹಾಕಿ, ಉಳಿದ ಬೆರಳುಗಳನ್ನು ಹಿಂದೆ ತಂತಿಯ ಮೇಲೆ ಹಗುರವಾಗಿ ಮಲಗಿಸಿ. ಇದೊಂದು ಅಭ್ಯಾಸ ಬಂದರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ. ಫೋನಿನಲ್ಲಿ ಡಿ ಶ್ರುತಿಯ ತಂಬೂರಿ ಹಾಕಿಕೊಂಡು ಮೊದಲ ವಾರ ಬರೀ ಸ ಮತ್ತು ಪ ಮಾಡಿ. ತೆಳು ತಂತಿಯಲ್ಲಿ ಖಾಲಿ ಬಿಟ್ಟರೆ ಸ, 7ನೇ ಫ್ರೆಟ್ ಪ, 12 ಮೇಲಿನ ಸ. ಆಮೇಲೆ 2ರಲ್ಲಿ ರಿ, 4ರಲ್ಲಿ ಗ, 9ರಲ್ಲಿ ಧ ಸೇರಿಸಿದರೆ ಮೋಹನ ರಾಗ ಕೈಗೆ ಬಂತು. ಸ್ವರವನ್ನು ನಡುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಒಂದು ತಿಂಗಳು ಬೇಡ. ನಡುಕದಲ್ಲಿ ಅಪಸ್ವರ ಅಡಗಿ ಕೂರುತ್ತದೆ, ಕಿವಿಗೆ ಸಿಗುವುದೇ ಇಲ್ಲ.

ಮಲಗಿಸಿ ನುಡಿಸುವ ಆಸೆ ಇದ್ದರೆ ನಟ್ ಎಕ್ಸ್‌ಟೆಂಡರ್ ಅಂತ ಸಣ್ಣ ಲೋಹದ ತುಂಡು ಸಿಗುತ್ತದೆ. ಕತ್ತಿನ ಮೇಲ್ತುದಿಯಲ್ಲಿ, ತಂತಿ ಕೂರುವ ನಟ್ ಮೇಲೆ ಅದನ್ನು ತೊಡಿಸಿದರೆ ತಂತಿಗಳು ಎತ್ತರಕ್ಕೇರುತ್ತವೆ, ಮಾಮೂಲಿ ಗಿಟಾರೇ ಹವಾಯನ್ ಆಗುತ್ತದೆ. ತೆಗೆದರೆ ಮತ್ತೆ ಮೊದಲಿನಂತೆ. ಜೊತೆಗೆ ಕೈಹಿಡಿಗೆ ತೋಡು ಇರುವ ಸ್ಟೀವನ್ಸ್ ಬಾರ್ ತೆಗೆದುಕೊಳ್ಳಿ. ದುಂಡನೆಯ ಬಾರ್ ಹೊಸಬರ ಕೈಯಿಂದ ಜಾರುತ್ತದೆ. ಮಲೆನಾಡಿನವರು ಇನ್ನೊಂದು ಗಮನಿಸಿ. ಜೂನ್ ಬಂದರೆ ತಂತಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿನ ತಂತಿಯ ಮೇಲೆ ಉಕ್ಕು ನುಣುಪಾಗಿ ಜಾರುವುದಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬ್ಯಾಗಿನಲ್ಲಿ ನೀರು ಹೀರುವ ಸಿಲಿಕಾ ಪೊಟ್ಟಣ ಹಾಕಿಡಿ.

ಹದಿನೈದು ದಿನ ಬಿಟ್ಟು ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಐದನೇ ಫ್ರೆಟ್ ತನಕ ಶ್ರುತಿ ಸೇರುತ್ತೆ. ಹನ್ನೆರಡರ ಹತ್ರ ಹೋದ್ರೆ ಯಾಕೋ ಕೂರ್ತಾನೇ ಇಲ್ಲ." ಅಳತೆಪಟ್ಟಿ ತಗೋ ಅಂದೆ. ಅವಳ ಗಿಟಾರಿನ ತಂತಿ ಸುಮಾರು 650 ಮಿಲಿಮೀಟರ್ ಉದ್ದ. ನಟ್‌ನಿಂದ ಮೊದಲ ಮೆಟ್ಟಿಲಿಗೆ 36 ಮಿಲಿಮೀಟರ್, ಹನ್ನೊಂದರಿಂದ ಹನ್ನೆರಡಕ್ಕೆ ಬರೀ 19. ಕೈ ತಪ್ಪುವುದು ಎರಡೂ ಕಡೆ ಅದೇ ಒಂದು ಮಿಲಿಮೀಟರ್, ಆದರೆ ಮೇಲೆ ಅದರ ಬೆಲೆ ಹತ್ತಿರ ಹತ್ತಿರ ಎರಡರಷ್ಟು. ಜೊತೆಗೆ ತಂತಿ ಫ್ರೆಟ್ಟಿಗಿಂತ ಎತ್ತರದಲ್ಲಿರುವುದರಿಂದ ಓರೆಯಾಗಿ ನೋಡಿದರೆ ಕಣ್ಣು ಬೇರೆಯೇ ಜಾಗ ತೋರಿಸುತ್ತದೆ. ತಲೆ ಬಗ್ಗಿಸಿ ನೇರವಾಗಿ ಸ್ಲೈಡಿನ ಮೇಲಿಂದ ನೋಡು, ಪ ಹಿಡಿದು ಅಲ್ಲಿಂದ ಆದಷ್ಟು ನಿಧಾನವಾಗಿ ಮೇಲಿನ ಸ ಗೆ ಹೋಗು, ತಂಬೂರಿಯ ಜೊತೆ ಅಲೆ ನಿಲ್ಲುವ ತನಕ ಕೈ ನಿಲ್ಲಿಸಬೇಡ ಅಂದೆ. ಫೋನ್ ಇಡದೆ ಪಕ್ಕದಲ್ಲಿಟ್ಟು ನುಡಿಸಿದಳು. ಹಿಂದೆ ಮಳೆ ಸುರಿಯುತ್ತಿತ್ತು. ಮೂರು ಸಲ ದಾಟಿ ಹೋದಳು, ನಾಲ್ಕನೇ ಸಲ ಕೂತಿತು.