ಶ್ವಾಸಕೋಶದ ದೂಳಿನಿಂದ ಬೆರಳ ಕೀಲಿನವರೆಗೆ: ಒಂದು ಅಧ್ಯಯನ ಟಿಪ್ಪಣಿ

ಗಾಳಿಯ ದೂಳು, ಹೊಗೆಗೂ ಕೀಲು ಊದುವ ರುಮಟಾಯ್ಡ್ ಸಂಧಿವಾತಕ್ಕೂ ಇರುವ ನಂಟನ್ನು ಓದಿಕೊಂಡ ಟಿಪ್ಪಣಿ ಇದು. ಪಿಎಂ10 ಎಂದರೆ ಗಾಳಿಯಲ್ಲಿ ತೇಲುವ, 10 ಮೈಕ್ರೋಮೀಟರಿಗಿಂತ ಹೆಚ್ಚಿಲ್ಲದ ವ್ಯಾಸದ ಕಣಗಳು, ಪಿಎಂ2.5 ಎಂದರೆ 2.5ರೊಳಗಿನವು. ದೂಳಿನ ಬಿರುಗಾಳಿಯಲ್ಲಿ ದಪ್ಪ ಕಣಗಳ ಪಾಲು ಹೆಚ್ಚು, ಹೊಗೆಯಲ್ಲಿ ಸಣ್ಣವುಗಳದು. ಇದು ಬೇಗ ಅರ್ಥವಾಯಿತು.

ಶ್ವಾಸಕೋಶಕ್ಕೆ ಹೋದ ದೂಳಿನಿಂದ ಬೆರಳ ಕೀಲು ಏಕೆ ಊದಬೇಕು ಎಂಬಲ್ಲಿ ನಾನು ಬಹಳ ದಿನ ತಡವರಿಸಿದೆ. ಬಾಗಿಲ ತಿರುಗಣಿಯಲ್ಲಿ ಮರಳು ಸಿಕ್ಕಿಕೊಂಡಂತೆ ಕಣಗಳು ರಕ್ತದೊಡನೆ ಸಾಗಿ ಕೀಲಿನಲ್ಲಿ ಕೂರುತ್ತವೆ ಎಂದು ಊಹಿಸಿದ್ದೆ, ಅದು ತಪ್ಪು. ರುಮಟಾಯ್ಡ್ ಸಂಧಿವಾತದಲ್ಲಿ ಕೀಲನ್ನು ಕೆಡಿಸುವುದು ದೂಳಲ್ಲ, ದೇಹದ್ದೇ ರೋಗನಿರೋಧಕ ವ್ಯವಸ್ಥೆ.

ಈ ಹೆಜ್ಜೆಯನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಪ್ರೋಟೀನಿನಲ್ಲಿರುವ ಅರ್ಜಿನೀನ್ ಎಂಬ ಅಮೈನೋ ಆಮ್ಲಕ್ಕೆ ಧನ ವಿದ್ಯುದಾವೇಶವಿರುತ್ತದೆ. ದೂಳು, ಹೊಗೆಯಿಂದ ಶ್ವಾಸಕೋಶದಲ್ಲಿ ಉರಿಯೂತವಾದಾಗ ಪಿಎಡಿ ಎಂಬ ಕಿಣ್ವಗಳು ಚುರುಕಾಗಿ ಅದನ್ನು ಆವೇಶವಿಲ್ಲದ ಸಿಟ್ರುಲಿನ್ ಆಗಿ ಮಾರ್ಪಡಿಸುತ್ತವೆ. ಆವೇಶ ಹೋದರೆ ಪ್ರೋಟೀನಿನ ಮಡಿಕೆಯೇ ಸಡಿಲಗೊಳ್ಳಬಹುದು. ಆಗ ದೇಹ ತನ್ನದನ್ನೇ ಪರಕೀಯವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಎಚ್‌ಎಲ್‌ಎ-ಡಿಆರ್‌ಬಿ1 ವಂಶವಾಹಿಯ ಕೆಲವು ರೂಪಗಳಿರುವವರಲ್ಲಿ ಈ ಸಾಧ್ಯತೆ ಹೆಚ್ಚು. ಪ್ರತಿಕಾಯಗಳು ರಕ್ತದಲ್ಲಿ ಎಲ್ಲೆಡೆ ಸಂಚರಿಸುವುದರಿಂದ, ಸಿಟ್ರುಲಿನ್ ಇರುವ ಪ್ರೋಟೀನು ಮುಂದೆಂದೋ ಕೀಲಿನ ಒಳಪೊರೆಯಲ್ಲಿ ಕಾಣಿಸಿಕೊಂಡಾಗ ಅಲ್ಲಿಯೂ ದಾಳಿಗೆ ದಾರಿಯಾಗುತ್ತದೆ. ಆ್ಯಂಟಿ-ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಇವೇ ಪ್ರತಿಕಾಯಗಳನ್ನು. ಅನೇಕರಲ್ಲಿ ಇವು ಕೀಲುನೋವಿಗೆ ವರ್ಷಗಳ ಮೊದಲೇ ಪತ್ತೆಯಾಗುತ್ತವೆ. ‘ಮೊದಲು ಶ್ವಾಸಕೋಶ, ಆಮೇಲೆ ಕೀಲು’ ಎಂಬ ಕ್ರಮವನ್ನು ನೆನಪಿಟ್ಟುಕೊಂಡ ಮೇಲೆ ಉಳಿದದ್ದೆಲ್ಲ ನನಗೆ ತಾನಾಗಿ ಕೂಡಿಕೊಂಡಿತು.

ಪುರಾವೆಯ ಬಲ ಎಲ್ಲ ಕಡೆ ಒಂದೇ ಅಲ್ಲ. ರುಮಟಾಯ್ಡ್ ಸಂಧಿವಾತದೊಡನೆ ಧೂಮಪಾನ ಹಾಗೂ ಕಲ್ಲುಕೆಲಸ, ಗಣಿಗಳ ಸಿಲಿಕಾ (ಮರಳು, ಕಲ್ಲುಗಳಲ್ಲಿರುವ ಖನಿಜ) ದೂಳಿನ ಸಂಬಂಧ ಗಟ್ಟಿಯಾದುದು; ಸಂಧಿವಾತವಿದ್ದ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರ ಶ್ವಾಸಕೋಶದ ಗಂಟುಗಳನ್ನು ವೈದ್ಯ ಕ್ಯಾಪ್ಲನ್ 1953ರಲ್ಲಿಯೇ ವಿವರಿಸಿದ್ದರು. ಊರಿನ ಗಾಳಿಯ ಪಿಎಂ2.5 ಕುರಿತ ಅಧ್ಯಯನಗಳ ಫಲಿತಾಂಶ ಮಾತ್ರ ಒಮ್ಮತದ್ದಲ್ಲ. ಬಿರುಗಾಳಿಯ ದೂಳಿನಲ್ಲಿಯೂ ಸಿಲಿಕಾ ಇರುತ್ತದೆ, ಆದರೆ ಆಗಷ್ಟೇ ಒಡೆದ ಕಲ್ಲಿನ ಕಣದ ಮೇಲ್ಮೈ ಹೆಚ್ಚು ಕ್ರಿಯಾಶೀಲ. ಆದ್ದರಿಂದ ಗಣಿಯ ಅಪಾಯವನ್ನು ಹಾಗೆಯೇ ಬಿರುಗಾಳಿಗೆ ಅನ್ವಯಿಸಬಾರದು. ಪರೀಕ್ಷೆಯ ಉತ್ತರದಲ್ಲಿ ‘ಕಾರಣವಾಗುತ್ತದೆ’ ಎಂದು ಬರೆಯದೆ ‘ಅಪಾಯ ಹೆಚ್ಚಿಸಬಹುದು’ ಎಂದೇ ಬರೆಯಿರಿ.

ಮೃದ್ವಸ್ಥಿ ಸವೆಯುವ ಆಸ್ಟಿಯೋಆರ್ಥ್ರೈಟಿಸ್ ಬೇರೆಯೇ ರೋಗ. ಮೇಲಿನ ಸಿಟ್ರುಲಿನ್ ವಿವರಣೆಯನ್ನು ಅದಕ್ಕೆ ಜೋಡಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಪಿಎಂ2.5ರ ಮಿತಿ ಘನಮೀಟರಿಗೆ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 15 ಮೈಕ್ರೋಗ್ರಾಂ. ಎರಡನ್ನೂ ಅದಲುಬದಲು ಮಾಡುವುದು ಸುಲಭ, ಆದ್ದರಿಂದ ಅವಧಿಯನ್ನು ಸಂಖ್ಯೆಯ ಪಕ್ಕದಲ್ಲಿಯೇ ಬರೆದುಕೊಳ್ಳಿ.